ಭೂಮಿಯ ಕಾವನ್ನು ಕುರಿತ ಇಂಗ್ಲಿಷ್ ಶಬ್ದಗಳು: ಒಂದು ಚಾರಿತ್ರಿಕ ಪರಿಶೀಲನೆ

ಕನ್ನಡ ಪತ್ರಿಕೆಗಳನ್ನು ಓದುವ ರೂಢಿಯುಳ್ಳವರಿಗೆ ‘ಜಾಗತಿಕ ತಾಪಮಾನ ಏರಿಕೆ’, ‘ಹವಾಮಾನ ಬದಲಾವಣೆ’, ‘ಹಸಿರುಮನೆ ಅನಿಲ’ ಎಂಬ ಶಬ್ದಪುಂಜಗಳು ಈಗ ಚಿರಪರಿಚಿತವಾಗಿವೆ. ಮೂರೂ ಇಂಗ್ಲಿಷಿನ ಪಡಿಯಚ್ಚುಗಳು. ಇಂಗ್ಲಿಷಿನಲ್ಲಿಯಾದರೂ ಇವು ಪ್ರಾಚೀನವಾದುವಲ್ಲ. ಇವುಗಳಲ್ಲಿ ಒಂದೊಂದೂ ಬೇರೊಂದು ಶಬ್ದವನ್ನು ಬದಿಗೊತ್ತಿ ಮುಂದಕ್ಕೆ ಬಂದುದಾಗಿದೆ. ಯಾವ ಶಬ್ದ ಹಿಂದೆ ಸರಿಯಿತು, ಯಾವುದು ನಿಂತಿತು, ಯಾರು ನಿಲ್ಲಿಸಿದರು ಎಂಬುದನ್ನು ವಿಚಾರಿಸುವುದು ಕೋಶಕಾರರ ಕುತೂಹಲಕ್ಕೆ ಮಾತ್ರ ಸೇರಿದ ವಿಷಯವಲ್ಲ. ಸಾಲದ ಪತ್ರವೊಂದರಲ್ಲಿ ಮೊಬಲಗು, ಅವಧಿ, ಬಡ್ಡಿ ಎಲ್ಲವೂ ಕ್ರಮವಾಗಿದ್ದು ಸಾಲ ಪಡೆದವನ ಹೆಸರು ಮಾತ್ರ ಬಿಟ್ಟುಹೋಗಿದ್ದರೆ ಆ ಪತ್ರದ ಗತಿ ಏನಾದೀತೆಂಬುದು ಲೇವಾದೇವಿಯ ಅನುಭವವಿದ್ದವರಿಗೆಲ್ಲ ತಿಳಿದದ್ದೇ. ಭೂಮಿಯ ಕಾವನ್ನು ಕುರಿತ ಇಂಗ್ಲಿಷ್ ಪದಸಂಪತ್ತಿನ ಚರಿತ್ರೆ ಬಹುಮಟ್ಟಿಗೆ ಈ ಹೆಸರಿನ ಚರಿತ್ರೆ.

ಮೊದಲು ವ್ಯಾಕರಣದ ಒಂದು ಮಾತು. ಇಂಗ್ಲಿಷಿನ ‘ವಾರ್ಮ್’, ‘ಚೇಂಜ್’ ಎಂಬ ಧಾತುಗಳು ಅಕರ್ಮಕವೂ ಹೌದು, ಸಕರ್ಮಕವೂ ಹೌದು. ನೀರು ತಾನಾಗಿ ಬಿಸಿಯಾದರೂ, ಒಬ್ಬನು ಅದನ್ನು ಬಿಸಿಮಾಡಿದರೂ ಕ್ರಿಯಾಪದದ ರೂಪ ಒಂದೇ. ಕನ್ನಡದ ಪದ್ಧತಿ ಬೇರೆ. ಬಿಸಿಲಿಗೆ ನೆಲ ಕಾಯುತ್ತದೆ. ಒಲೆಯ ಮುಂದೆ ಕುಳಿತವರು ನೀರನ್ನು ಕಾಯಿಸುತ್ತಾರೆ. ಕಾಲ ಬದಲಾಗುತ್ತದೆ; ಅಧಿಕಾರಿಯು ನಿಯಮವನ್ನು ಬದಲಾಯಿಸುತ್ತಾನೆ. ‘ಇಸು’ ಪ್ರತ್ಯಯವು ಬಂದೊಡನೆಯೇ ‘ಯಾರು?’ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ. ಹಿಂದಿಯ ‘ಬದಲ್‌ನಾ’ ಈ ವಿಷಯದಲ್ಲಿ ಇಂಗ್ಲಿಷಿನ ಜಾತಿಗೆ ಸೇರಿದ್ದು. ಋತುವೂ ‘ಬದಲ್ತಾ’, ಬಟ್ಟೆಯನ್ನೂ ‘ಬದಲ್ತಾ’. (ಕನ್ನಡದ ‘ಕಾಯು’ ಧಾತುವಿಗೆ ಉಷ್ಣವಾಗುವುದು, ರಕ್ಷಿಸುವುದು ಎಂಬ ಎರಡು ಅರ್ಥಗಳಿರುವುದು ಬೇರೆ ಮಾತು.) ಹೀಗಿರುವಲ್ಲಿ ಇಂಗ್ಲಿಷಿನ ಶಬ್ದಗಳನ್ನು ಕನ್ನಡಕ್ಕೆ ತರುವವನು ಮೂಲದಲ್ಲಿ ಇಲ್ಲದ ಒಂದು ಆಯ್ಕೆಯನ್ನು ಮಾಡಲೇಬೇಕಾಗುತ್ತದೆ. ಆ ಆಯ್ಕೆಯ ತೂಕವನ್ನರಿಯಲು ಮೂಲದ ಚರಿತ್ರೆಯನ್ನು ನೋಡಬೇಕು.

‘ಕ್ಲೈಮೇಟ್’ ಶಬ್ದದ ಮೂಲ ಗ್ರೀಕಿನ ‘ಕ್ಲಿಮ’. ಅದರ ಅರ್ಥ ಇಳಿಜಾರು, ಓರೆ. ಸೂರ್ಯನ ಕಿರಣಗಳು ಎಷ್ಟು ಓರೆಯಾಗಿ ಬೀಳುತ್ತವೆಂಬುದರ ಮೇಲೆ ಗ್ರೀಕರು ಭೂಮಿಯನ್ನು ಅಡ್ಡಪಟ್ಟಿಗಳಾಗಿ ವಿಭಾಗಿಸಿದ್ದರು. ಅಂಥ ಒಂದೊಂದು ಪಟ್ಟಿಯೂ ಒಂದು ‘ಕ್ಲಿಮ’. ಇದೇ ಶಬ್ದವು ಅರಬ್ಬಿಯಲ್ಲಿ ‘ಇಕ್ಲೀಮ್’ ಆಗಿ, ಪಾರಸಿ ಗ್ರಂಥಕಾರರ ‘ಹಫ್ತ್ ಇಕ್ಲೀಮ್’, ಎಂದರೆ ಸಪ್ತಖಂಡಗಳ ಕಲ್ಪನೆಯಾಗಿ, ಹಿಂದೂಸ್ಥಾನಕ್ಕೂ ಬಂದಿತ್ತು. ಇಂಗ್ಲಿಷಿಗೆ ಅದು 14ನೆಯ ಶತಮಾನದ ಕೊನೆಯಲ್ಲಿ ಫ್ರೆಂಚಿನ ಮೂಲಕ ಬಂದಾಗಲೂ ಭೂಭಾಗವೆಂಬ ಅರ್ಥವೇ ಪ್ರಧಾನವಾಗಿತ್ತು. ಆ ಭಾಗದ ಗಾಳಿ, ಮಳೆ, ಶೀತೋಷ್ಣಗಳ ಗುಣವೆಂಬ ಅರ್ಥ ಬರುಬರುತ್ತ ಬಲಿಯಿತು. ಹವಾಶಾಸ್ತ್ರಜ್ಞರು ಮುಂದೆ ಅದನ್ನು ಲೆಕ್ಕಕ್ಕೆ ಒಳಪಡಿಸಿ, ಮೂವತ್ತು ವರ್ಷಗಳ ಸರಾಸರಿಯೆಂದು ರೂಢಿಗೆ ತಂದರು. ಇಲ್ಲಿ ಗಮನಿಸತಕ್ಕದ್ದೆಂದರೆ, ‘ಕ್ಲೈಮೇಟ್’ ಎಂಬುದು ಅದರ ವ್ಯಾಖ್ಯೆಯಿಂದಲೇ ಸ್ಥಿರವಾದದ್ದು. ದಿನದಿನಕ್ಕೆ ಬದಲಾಗತಕ್ಕದ್ದು ‘ವೆದರ್’. ಆದುದರಿಂದ 19ನೆಯ ಶತಮಾನದಲ್ಲಿ ‘ಕ್ಲೈಮೇಟ್’ ಬದಲಾಗುವ ಮಾತು ಬಂದಾಗ ಅದು ಹಿಮಯುಗಗಳನ್ನು ಕುರಿತ ಮಾತಾಗಿತ್ತು. ಸ್ಕಾಟ್ಲೆಂಡಿನ ಜೇಮ್ಸ್ ಕ್ರಾಲನು 1875ರಲ್ಲಿ ಪ್ರಕಟಿಸಿದ ‘ಕ್ಲೈಮೇಟ್ ಆ್ಯಂಡ್ ಟೈಮ್’ ಗ್ರಂಥದಲ್ಲಿ ಈ ಬದಲಾವಣೆಗಳ ಕಾರಣವನ್ನು ಭೂಮಿಯ ಕಕ್ಷೆಯಲ್ಲಿ ಹುಡುಕಿದನು. ಅಲ್ಲಿ ಮನುಷ್ಯನಿಗೆ ಕೆಲಸವಿರಲಿಲ್ಲ. ‘ಚೇಂಜ್’ ಶಬ್ದವು ಅಕರ್ಮಕವಾಗಿದ್ದುದು ಸರಿಯಾಗಿಯೇ ಇತ್ತು.

‘ಗ್ರೀನ್‌ಹೌಸ್’ ಶಬ್ದದ ಕಥೆ ಇದಕ್ಕಿಂತ ಸ್ವಾರಸ್ಯವಾದದ್ದು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕಿತ್ತಳೆ, ನಿಂಬೆ ಮೊದಲಾದ ಬೆಚ್ಚನೆಯ ದೇಶಗಳ ಗಿಡಗಳನ್ನು ಚಳಿಗಾಲದಲ್ಲಿ ಉಳಿಸಿಕೊಳ್ಳುವುದು ಶ್ರೀಮಂತರ ಹವ್ಯಾಸವಾಯಿತು. ಎಲೆಯುದುರದ ಇಂಥ ಗಿಡಗಳಿಗೆ ‘ಗ್ರೀನ್ಸ್’ ಎಂದೂ, ಅವುಗಳನ್ನು ಇರಿಸುವ ಮನೆಗೆ ‘ಗ್ರೀನ್‌ಹೌಸ್’ ಎಂದೂ ಹೆಸರಾಯಿತು. ಹಸಿರು ಇದ್ದುದು ಗಿಡದಲ್ಲಿ, ಮನೆಯಲ್ಲಲ್ಲ. ಕನ್ನಡದ ‘ಹಸಿರುಮನೆ’ಯಲ್ಲಿ ಈ ಸಂಬಂಧ ಕಾಣುವುದಿಲ್ಲ. ಅದಕ್ಕಿಂತಲೂ ಹೆಚ್ಚಿನ ತೊಡಕೆಂದರೆ, ಈಗ ‘ಹಸಿರು’ ಎಂಬುದು ಪರಿಸರಕ್ಕೆ ಹಿತವಾದ ಎಲ್ಲದಕ್ಕೂ ವಿಶೇಷಣವಾಗಿರುವುದರಿಂದ, ‘ಹಸಿರುಮನೆ ಅನಿಲ’ವೆಂದರೆ ಯಾವುದೋ ಒಳ್ಳೆಯ ಅನಿಲವೆಂದು ತಿಳಿಯದವರು ಭ್ರಮಿಸಿದರೆ ತಪ್ಪು ಅವರದಲ್ಲ. ಕೆಲವರು ಬಳಸುವ ‘ಗಾಜಿನಮನೆ’ಯೇ ವಾಸಿ; ಬೆಂಗಳೂರಿನ ಲಾಲ್‌ಬಾಗಿನಲ್ಲಿ 1889ರಿಂದ ನಿಂತಿರುವ ಗಾಜಿನಮನೆಯನ್ನು ಕಂಡವರಿಗೆ ಕಣ್ಣ ಮುಂದೆ ಒಂದು ಚಿತ್ರವಾದರೂ ಬರುತ್ತದೆ. ಆದರೆ ಆ ಚಿತ್ರವೂ ಫಲಪುಷ್ಪ ಪ್ರದರ್ಶನದ್ದು. ಕಾವನ್ನು ಕೂಡಿಡುವ ಕೋಣೆಯದಲ್ಲ.

ಗಾಳಿಯು ಭೂಮಿಯ ಕಾವನ್ನು ಹಿಡಿದಿಡುತ್ತದೆಂಬ ಕಲ್ಪನೆಯು ಫ್ರೆಂಚ್ ಗಣಿತಜ್ಞ ಜೋಸೆಫ್ ಫೂರಿಯೇ 1824ರಲ್ಲಿ ಬರೆದ ಪ್ರಬಂಧದಲ್ಲಿ ಮೊದಲು ಸ್ಪಷ್ಟವಾಗಿ ಕಾಣಬರುತ್ತದೆ. ‘ಗ್ರೀನ್‌ಹೌಸ್’ ಉಪಮಾನವನ್ನು ಹುಟ್ಟಿಸಿದವನು ಅವನೇ ಎಂದು ಅನೇಕ ಪುಸ್ತಕಗಳಲ್ಲಿ ಬರೆದಿರುವುದುಂಟು. ಅದು ಸರಿಯಲ್ಲ. ಅವನು ಉದಾಹರಿಸಿದ್ದು ಸ್ವಿಸ್ ವಿಜ್ಞಾನಿ ಸೊಸ್ಯೂರನು ಗಾಜಿನ ಹಲಗೆಗಳನ್ನು ಹೊದಿಸಿ ಮಾಡಿದ್ದ ಒಂದು ಪೆಟ್ಟಿಗೆಯನ್ನು. ಕಣ್ಣಿಗೆ ಕಾಣದೆ ನೆಲದಿಂದ ಹಿಂದಿರುಗುವ ಕಾವನ್ನು ಅವನು ‘ಕತ್ತಲೆಯ ಕಾವು’ ಎಂಬರ್ಥದ ಶಬ್ದದಿಂದ ಕರೆದನು.

1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲಗಳನ್ನು ತುಂಬಿ ಬಿಸಿಲಿನಲ್ಲಿಟ್ಟು, ‘ಕಾರ್ಬಾನಿಕ್ ಆ್ಯಸಿಡ್’ ಅನಿಲವಿದ್ದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾದುದನ್ನೂ, ಆರಲು ಬಹಳ ಹೊತ್ತು ಹಿಡಿದುದನ್ನೂ ಕಂಡಳು. ಇಂಥ ಅನಿಲದ ವಾತಾವರಣವಿದ್ದರೆ ಭೂಮಿಯ ಉಷ್ಣತೆ ಹೆಚ್ಚುತ್ತದೆಂದು ಆಕೆ ಬರೆದಳು. ಆಲ್ಬನಿಯಲ್ಲಿ ನಡೆದ ವಿಜ್ಞಾನ ಸಭೆಯಲ್ಲಿ ಆಕೆಯ ಪ್ರಬಂಧವನ್ನು ಓದಿದವನು ಜೋಸೆಫ್ ಹೆನ್ರಿ. ಆ ಮೇಲೆ ಅದನ್ನು ಲೋಕ ಮರೆಯಿತು. ಅದರ ಮಹತ್ವ ಮತ್ತೆ ಬೆಳಕಿಗೆ ಬಂದುದು 2011ರ ಸುಮಾರಿನಲ್ಲಿ. ಮೂರು ವರ್ಷಗಳ ತರುವಾಯ, 1859ರಲ್ಲಿ, ಲಂಡನ್ನಿನಲ್ಲಿ ಜಾನ್ ಟಿಂಡಲ್ಲನು ಪ್ರಯೋಗಗಳನ್ನು ಆರಂಭಿಸಿ, ನೀರಾವಿಯೂ ಕಾರ್ಬಾನಿಕ್ ಆ್ಯಸಿಡ್ಡೂ ಈ ಕಾಣದ ಕಾವನ್ನು ಹೀರುತ್ತವೆಂದು ಅಳೆದು ತೋರಿಸಿದನು. ಅವನ ಉಪಮಾನವೂ ಗಾಜಿನಮನೆಯಲ್ಲ. ನದಿಗೆ ಅಡ್ಡಲಾಗಿ ಕಟ್ಟೆ ಹಾಕಿದರೆ ಕಟ್ಟೆಯ ಹಿಂದೆ ನೀರು ಆಳವಾಗುವಂತೆ ವಾತಾವರಣವು ಕಾವನ್ನು ನಿಲ್ಲಿಸಿ ಭೂಮಿಯ ಉಷ್ಣತೆಯನ್ನು ಮೇಲಕ್ಕೆತ್ತುತ್ತದೆಂದು ಅವನು ವಿವರಿಸಿದನು. ಕಟ್ಟೆಯಲ್ಲಿ ನೀರು ತುಂಬಿ ಕೋಡಿ ಹರಿಯುವುದನ್ನು ನೋಡಿ ಬೆಳೆದ ಕನ್ನಡಿಗರಿಗೆ ಇದು ಗಾಜಿನಮನೆಗಿಂತ ಎಷ್ಟೋ ಸುಲಭವಾಗಿ ಹಿಡಿತಕ್ಕೆ ಸಿಗುವ ಹೋಲಿಕೆ. ಶಾಸ್ತ್ರದೃಷ್ಟಿಯಿಂದಲೂ ಹೆಚ್ಚು ಸರಿಯಾದದ್ದು. ಆದರೆ ಅದು ನಿಲ್ಲಲಿಲ್ಲ.

ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ಸನು 1896ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಫೂರಿಯೇಯ ವಾದವನ್ನು ಸಂಗ್ರಹಿಸುವಾಗ ‘ಹಾಟ್‌ಹೌಸ್’ ಎಂಬ ಮಾತನ್ನು ತಂದನು. 1907ರಲ್ಲಿ ಇಂಗ್ಲಿಷ್ ಭೌತವಿಜ್ಞಾನಿ ಜಾನ್ ಹೆನ್ರಿ ಪಾಯ್ಂಟಿಂಗ್, ಗ್ರಹಗಳ ಉಷ್ಣತೆಯನ್ನು ಕುರಿತ ಒಂದು ಲೇಖನದಲ್ಲಿ, ಅಂದು ಚಾಲ್ತಿಯಲ್ಲಿದ್ದ ‘ಬ್ಲ್ಯಾಂಕೆಟಿಂಗ್ ಎಫೆಕ್ಟ್’ ಎಂಬುದಕ್ಕಿಂತ ‘ಗ್ರೀನ್‌ಹೌಸ್ ಎಫೆಕ್ಟ್’ ಎಂಬುದೇ ತನಗೆ ಹಿತವೆಂದು ತಿಳಿಸಿದನು. ಕಂಬಳಿ ಹೋಯಿತು, ಗಾಜಿನಮನೆ ಬಂತು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅಮೆರಿಕದ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಕತ್ತಲೆಯ ಕಾವನ್ನು ತಡೆಯದೆ ಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಹೊದಿಸಿ ಬಿಸಿಲಿನಲ್ಲಿಟ್ಟನು. ಎರಡೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕಾದುವು. ತೋಟಗಾರನ ಗಾಜಿನಮನೆ ಬೆಚ್ಚಗಿರುವುದು ಮುಖ್ಯವಾಗಿ ಒಳಗಿನ ಬಿಸಿಗಾಳಿ ಹೊರಕ್ಕೆ ಹೋಗದಿರುವುದರಿಂದ ಎಂಬುದು ಇದರಿಂದ ವ್ಯಕ್ತವಾಯಿತು. ಹೀಗೆ ಉಪಮಾನವು ಉಪಮೇಯಕ್ಕೆ ಹೊಂದುವುದಿಲ್ಲವೆಂದು ಅದು ಹುಟ್ಟಿದ ಎರಡನೆಯ ವರ್ಷದಲ್ಲಿಯೇ ಗೊತ್ತಾಯಿತು. ಶಬ್ದ ಮಾತ್ರ ಉಳಿಯಿತು. ಸೂರ್ಯ ‘ಹುಟ್ಟುವುದಿಲ್ಲ’ವೆಂದು ಗೊತ್ತಿದ್ದರೂ ಸೂರ್ಯೋದಯವೆನ್ನುವುದನ್ನು ಯಾರೂ ಬಿಟ್ಟಿಲ್ಲವಷ್ಟೆ.

ಕಾರ್ಬಾನಿಕ್ ಆ್ಯಸಿಡ್ ಎಂಬುದರ ಸ್ಥಾನಕ್ಕೆ ‘ಕಾರ್ಬನ್ ಡೈಆಕ್ಸೈಡ್’ ಬಂದುದರ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ‘ಕಾರ್ಬನ್’ನ ಮೂಲವಾದ ಲ್ಯಾಟಿನ್ ‘ಕಾರ್ಬೊ’ ಎಂದರೆ ಇದ್ದಿಲು. ಕನ್ನಡದ ‘ಇಂಗಾಲ’ವೂ ಸಂಸ್ಕೃತದ ‘ಅಂಗಾರ’ದಿಂದ ಪ್ರಾಕೃತದ ‘ಇಂಗಾಲ’ದ ಮೂಲಕ ಬಂದುದು; ಅದೂ ಇದ್ದಿಲು, ಕೆಂಡ. ಕನ್ನಡದಲ್ಲಿ ಈ ಪರಿಭಾಷೆಯನ್ನು ಕಲ್ಪಿಸಿದವರ ಕೈ ಇಲ್ಲಿ ಚೆನ್ನಾಗಿ ನಡೆದಿದೆ ಎನ್ನಬೇಕು.

ಈವರೆಗಿನ ಶಬ್ದಗಳೆಲ್ಲ ಪ್ರಕೃತಿಯ ಒಂದು ಧರ್ಮವನ್ನು ಹೇಳತಕ್ಕವು. ಮನುಷ್ಯನೇ ಕಾವನ್ನು ಹೆಚ್ಚಿಸುತ್ತಿದ್ದಾನೆಂಬ ವಾದಕ್ಕೆ ಅಂಕಿಗಳ ಆಧಾರ ಕೊಟ್ಟವನು ಗೈ ಸ್ಟೂಅರ್ಟ್ ಕ್ಯಾಲೆಂಡರ್. ಇವನು ವೃತ್ತಿಯಿಂದ ಹವಾಶಾಸ್ತ್ರಜ್ಞನಲ್ಲ, ಹಬೆಯಂತ್ರಗಳ ಇಂಜಿನಿಯರು. ಬಿಡುವಿನ ವೇಳೆಯಲ್ಲಿ ಲೋಕದ ನಾನಾ ಕಡೆಗಳ ಉಷ್ಣತೆಯ ದಾಖಲೆಗಳನ್ನು ಕೂಡಿಸಿ, 1938ರಲ್ಲಿ ಲಂಡನ್ನಿನ ರಾಯಲ್ ಮಿಟಿಯರಲಾಜಿಕಲ್ ಸೊಸೈಟಿಯ ಮುಂದೆ ತನ್ನ ಪ್ರಬಂಧವನ್ನು ಓದಿದನು. ಪ್ರಬಂಧದ ಶೀರ್ಷಿಕೆಯಲ್ಲಿ ‘ಆರ್ಟಿಫಿಷಿಯಲ್ ಪ್ರೊಡಕ್ಷನ್’, ಎಂದರೆ ಇಂಗಾಲದ ಡೈಆಕ್ಸೈಡಿನ ‘ಕೃತಕ ಉತ್ಪಾದನೆ’ ಎಂಬ ಮಾತಿದೆ. ‘ಕೃತಕ’ವೆಂದ ಮೇಲೆ ಕರ್ತೃ ಇದ್ದೇ ಇರುತ್ತಾನೆ. ಇದರಿಂದ ಹಿಮನದಿಗಳು ಮತ್ತೆ ಬರುವುದು ತಪ್ಪಿ, ಉತ್ತರದೇಶಗಳ ಬೇಸಾಯಕ್ಕೆ ಅನುಕೂಲವಾದೀತೆಂದು ಕ್ಯಾಲೆಂಡರನು ಭಾವಿಸಿದ್ದನು. ಚಳಿದೇಶದವನೊಬ್ಬನ ಈ ಆಶೆಯನ್ನು ಕಲಬುರಗಿಯ ಅಥವಾ ರಾಯಚೂರಿನ ಬೇಸಗೆಯನ್ನು ಬಲ್ಲವರು ಹಂಚಿಕೊಳ್ಳಲಾರರು. ಇಂಗ್ಲಿಷಿನ ‘ವಾರ್ಮ್’ ಶಬ್ದದಲ್ಲಿಯೇ ಈ ಭೇದ ಅಡಗಿದೆ. ಅವರಲ್ಲಿ ಸ್ವಾಗತವೂ ‘ವಾರ್ಮ್’, ಸ್ನೇಹವೂ ‘ವಾರ್ಮ್’. ಕನ್ನಡದಲ್ಲಿ ಹಿತವಾದ ಮಾತನ್ನು ‘ತಂಪು’ ಎನ್ನುವುದು ವಾಡಿಕೆ. ಒಳಿತನ್ನು ಹರಸುವವರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾರೆ.

1957ರಲ್ಲಿ ರಾಜರ್ ರೆವೆಲ್ ಮತ್ತು ಹಾನ್ಸ್ ಸ್ಯೂಸ್ ಎಂಬಿಬ್ಬರು ಮಾನವಜಾತಿಯು ಭೂಮಿಯ ಮೇಲೆ ಒಂದು ದೊಡ್ಡ ‘ಎಕ್ಸ್‌ಪೆರಿಮೆಂಟ್’ ನಡೆಸುತ್ತಿದೆಯೆಂದು ಬರೆದರು. ಮರುವರ್ಷ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನ ಲೋವಾ ಪರ್ವತದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಅಳೆಯಲಾರಂಭಿಸಿದನು. ಆಗ ಅದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿತ್ತು. 2024ರಲ್ಲಿ 420ನ್ನು ಮೀರಿತ್ತು. 1970ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಒಂದು ವರದಿಯ ಹೆಸರು ‘ಮ್ಯಾನ್ಸ್ ಇಂಪ್ಯಾಕ್ಟ್ ಆನ್ ದಿ ಗ್ಲೋಬಲ್ ಎನ್‌ವಿರಾನ್‌ಮೆಂಟ್’. 1971ರಲ್ಲಿ ಸ್ಟಾಕ್‌ಹೋಮಿನ ಬಳಿ ಸೇರಿದ ವಿಜ್ಞಾನಿಗಳ ವರದಿಯ ಹೆಸರು ‘ಇನ್‌ಅಡ್ವರ್ಟೆಂಟ್ ಕ್ಲೈಮೇಟ್ ಮಾಡಿಫಿಕೇಷನ್’. ಈ ಕೊನೆಯದನ್ನು ಸ್ವಲ್ಪ ನಿಂತು ನೋಡಬೇಕು. ‘ಮಾಡಿಫಿಕೇಷನ್’ ಎಂಬುದು ಮೋಡಬಿತ್ತನೆಯವರ ಶಬ್ದ. 1946ರಿಂದೀಚೆಗೆ ಅಮೆರಿಕದಲ್ಲಿ ನಡೆದ, ಕರ್ಣಾಟಕದಲ್ಲಿ 2003ರಲ್ಲಿ ‘ವರುಣ’ವೆಂದೂ 2017ರಲ್ಲಿ ‘ವರ್ಷಧಾರೆ’ಯೆಂದೂ ಸರಕಾರವೇ ಕೈಗೊಂಡ ಆ ಕೆಲಸಕ್ಕೆ ಇಂಗ್ಲಿಷಿನಲ್ಲಿ ‘ವೆದರ್ ಮಾಡಿಫಿಕೇಷನ್’ ಎಂದು ಹೆಸರು. ಅದು ಬುದ್ಧಿಪೂರ್ವಕವಾದದ್ದು, ಇದು ಅಬುದ್ಧಿಪೂರ್ವಕವಾದದ್ದು. ಆದರೆ ಎರಡೂ ‘ಮಾರ್ಪಡಿಸುವಿಕೆ’ಯೇ, ‘ಮಾರ್ಪಾಡು’ ಮಾತ್ರವಲ್ಲ. ‘ಇಸು’ ಪ್ರತ್ಯಯದ ಅರ್ಥವೂ, ‘ತಿಳಿಯದೆ ಮಾಡಿದ್ದು’ ಎಂಬ ವಿನಾಯಿತಿಯೂ ಒಟ್ಟಿಗೆ ಇರುವ ಈ ಮಾತು ಆ ಕಾಲದ ತಿಳಿವಳಿಕೆಗೆ ತಕ್ಕದಾಗಿತ್ತು. ಉಚ್ಚಾರಣೆಗೆ ಭಾರವಾದದ್ದು ಅದರ ದುರದೃಷ್ಟ.

1975ರ ಆಗಸ್ಟ್ 8ರಂದು ‘ಸೈನ್ಸ್’ ಪತ್ರಿಕೆಯಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದ ವ್ಯಾಲೇಸ್ ಬ್ರೋಕರನ ಲೇಖನವೊಂದು ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿ ‘ಕ್ಲೈಮ್ಯಾಟಿಕ್ ಚೇಂಜ್’, ‘ಗ್ಲೋಬಲ್ ವಾರ್ಮಿಂಗ್’ ಎರಡೂ ಇವೆ. ಎರಡನೆಯದರ ಜನಕನೆಂಬ ಬಿರುದು ಅವನಿಗೆ ಅಂಟಿಕೊಂಡಿತು. ಅದು ಅವನಿಗೆ ಬೇಡವಾಗಿತ್ತು. ಅದಕ್ಕಿಂತ ಹಿಂದಿನ ಪ್ರಯೋಗವನ್ನು ಹುಡುಕಿಕೊಟ್ಟ ವಿದ್ಯಾರ್ಥಿಗೆ ಬಹುಮಾನ ಕೊಡುವೆನೆಂದು ಸಾರಿದನು. ರೆವೆಲನ ಸಂಶೋಧನೆಯನ್ನು ಕುರಿತು ಇಂಡಿಯಾನ ಸಂಸ್ಥಾನದ ‘ಹ್ಯಾಮಂಡ್ ಟೈಮ್ಸ್’ ಪತ್ರಿಕೆ 1957ರಲ್ಲಿ ಬರೆದ ಸಂಪಾದಕೀಯದಲ್ಲಿ ಆ ಶಬ್ದ ಸಿಕ್ಕಿತು. ಶಾಸ್ತ್ರಜ್ಞರಿಗಿಂತ ಮೊದಲು ಪತ್ರಿಕಾಕರ್ತನೊಬ್ಬನು ಬಳಸಿದ್ದನೆಂದಾಯಿತು.

1979ರಲ್ಲಿ ಜೂಲ್ ಚಾರ್ನಿಯ ಅಧ್ಯಕ್ಷತೆಯಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗೆ ಸಲ್ಲಿಸಿದ ವರದಿಯಲ್ಲಿ ಎರಡು ಶಬ್ದಗಳಿಗೂ ಕೆಲಸ ಹಂಚಿಕೆಯಾಯಿತು. ನೆಲದ ಮಟ್ಟದ ಸರಾಸರಿ ಉಷ್ಣತೆ ಏರಿದ್ದು ‘ಗ್ಲೋಬಲ್ ವಾರ್ಮಿಂಗ್’; ಮಳೆ, ಗಾಳಿ, ಹಿಮ ಮೊದಲಾದ ಇತರ ವ್ಯತ್ಯಾಸಗಳು ‘ಕ್ಲೈಮೇಟ್ ಚೇಂಜ್’. ಈ ವಿಂಗಡಣೆ ಇಂದಿಗೂ ಸರಿಯಾದದ್ದೇ. ಆದರೆ ‘ಮ್ಯಾನ್ಸ್ ಇಂಪ್ಯಾಕ್ಟ್’ ಎಂಬಲ್ಲಿದ್ದ ಮನುಷ್ಯನು ಈ ಎರಡು ಶಬ್ದಗಳಲ್ಲಿಯೂ ಇಲ್ಲ. ಯಾರೂ ಅವನನ್ನು ಬೇಕೆಂದು ಹೊರಗೆ ಹಾಕಿದರೆಂದು ಹೇಳಲಾಗದು. ಅಲ್ಲಿಯವರೆಗಿನ ಶಬ್ದಗಳು ಉದ್ದವಾಗಿದ್ದುವು, ಇವು ಗಿಡ್ಡವಾಗಿದ್ದುವು. ಮುಂದೆ 1988ರ ಜೂನ್ 23ರಂದು, ಅಮೆರಿಕವು ಬಿಸಿಲಿಗೂ ಬರಕ್ಕೂ ಬೇಯುತ್ತಿದ್ದಾಗ, ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದರು. ಮರುದಿನದ ಪತ್ರಿಕೆಗಳಿಂದ ‘ಗ್ಲೋಬಲ್ ವಾರ್ಮಿಂಗ್’ ಮನೆಮಾತಾಯಿತು. ಅದೇ ವರ್ಷ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹುಟ್ಟಿದ ಸರಕಾರಗಳ ಮಂಡಲಿ, ಐ.ಪಿ.ಸಿ.ಸಿ., ತನ್ನ ಹೆಸರಿನಲ್ಲಿ ‘ಕ್ಲೈಮೇಟ್ ಚೇಂಜ್’ ಎಂಬುದನ್ನು ಇಟ್ಟುಕೊಂಡಿತು. ಜನರ ಬಾಯಿಗೆ ಒಂದು, ದಫ್ತರಕ್ಕೆ ಒಂದು.

ಕರ್ತೃ ಕಾಣೆಯಾದುದರ ಪರಿಣಾಮ 1992ರ ಒಪ್ಪಂದವನ್ನು ಬರೆಯುವಾಗ ಎದುರಾಯಿತು. ರಿಯೊ ನಗರದಲ್ಲಿ ಸಹಿಗೆ ಇಡಲಾದ ಆ ಒಪ್ಪಂದದ ಮೊದಲನೆಯ ವಿಧಿಯು ‘ಕ್ಲೈಮೇಟ್ ಚೇಂಜ್’ ಎಂದರೆ ಮನುಷ್ಯನ ಚಟುವಟಿಕೆಯಿಂದ ನೇರವಾಗಿಯೋ ಪರೋಕ್ಷವಾಗಿಯೋ ಆದ ಬದಲಾವಣೆ ಮಾತ್ರ ಎಂದು ವ್ಯಾಖ್ಯಾನಿಸಿತು. ಐ.ಪಿ.ಸಿ.ಸಿ.ಯ ವ್ಯಾಖ್ಯೆಯಲ್ಲಾದರೋ ಸಹಜವಾದುದು, ಮಾನವಕೃತವಾದುದು ಎರಡೂ ಸೇರುತ್ತವೆ. ಒಂದೇ ಶಬ್ದಕ್ಕೆ ಒಂದೇ ವಿಷಯದಲ್ಲಿ ಎರಡು ಖಾತೆಗಳು! ಒಂದರ ಶಿಲ್ಕನ್ನು ಇನ್ನೊಂದರಲ್ಲಿ ತೋರಿಸಿ ವಾದಿಸುವವರಿಗೆ ಇದರಿಂದ ಬಹಳ ಸೌಕರ್ಯವಾಯಿತು. ಅದೇ ಒಪ್ಪಂದದ ಎರಡನೆಯ ವಿಧಿಯಲ್ಲಿ ‘ಆ್ಯಂತ್ರೊಪೊಜೆನಿಕ್ ಇಂಟರ್‌ಫಿಯರೆನ್ಸ್’, ಎಂದರೆ ‘ಮಾನವಜನ್ಯ ಹಸ್ತಕ್ಷೇಪ’ ಎಂಬ ಮಾತಿದೆ. ತನ್ನ ಭಾಷೆಯಲ್ಲಿ ಕಳೆದುಕೊಂಡ ಮನುಷ್ಯನನ್ನು ಇಂಗ್ಲಿಷು ಗ್ರೀಕಿನಿಂದ ಕರೆತರಬೇಕಾಯಿತು.

ಮನುಷ್ಯನೇನೋ ಬಂದನು. ಆದರೆ ಯಾವ ಮನುಷ್ಯ? ಈ ಪ್ರಶ್ನೆಯನ್ನೆತ್ತಿದವರು ಭಾರತೀಯರು. 1991ರಲ್ಲಿ ದಿಲ್ಲಿಯ ‘ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್‌ವಿರಾನ್‌ಮೆಂಟ್’ ಸಂಸ್ಥೆಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ‘ಗ್ಲೋಬಲ್ ವಾರ್ಮಿಂಗ್ ಇನ್ ಆ್ಯನ್ ಅನ್‌ಈಕ್ವಲ್ ವರ್ಲ್ಡ್’ ಎಂಬ ಪುಸ್ತಿಕೆಯನ್ನು ಪ್ರಕಟಿಸಿದರು. ಅಮೆರಿಕದ ಒಂದು ಸಂಸ್ಥೆಯು ಎಲ್ಲ ದೇಶಗಳ ಅನಿಲಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿ ಭಾರತವನ್ನೂ ದೊಡ್ಡ ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸಿದ್ದುದಕ್ಕೆ ಇದು ಉತ್ತರವಾಗಿತ್ತು. ಗದ್ದೆಯ ಬತ್ತದಿಂದಲೂ ಉಳುವ ಎತ್ತಿನಿಂದಲೂ ಹೊರಡುವ ಮೀಥೇನನ್ನು ಶ್ರೀಮಂತ ದೇಶದ ಮೋಟಾರು ಗಾಡಿಯ ಹೊಗೆಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದು ಅವರು ಕೇಳಿದರು. ಒಂದು ‘ಸರ್ವೈವಲ್ ಎಮಿಷನ್’, ಇನ್ನೊಂದು ‘ಲಕ್ಸುರಿ ಎಮಿಷನ್’: ಬದುಕಿನ ಹೊಗೆ, ಭೋಗದ ಹೊಗೆ. ಈ ಚರ್ಚೆಯ ಇಂಗ್ಲಿಷ್ ಪದಸಂಪತ್ತಿಗೆ ಭಾರತದಿಂದ ಸಂದ ಕಾಣಿಕೆಗಳಲ್ಲಿ ಇದು ಮುಖ್ಯವಾದದ್ದೆನ್ನಲು ಅಡ್ಡಿಯಿಲ್ಲ. 1992ರ ಒಪ್ಪಂದದಲ್ಲಿ ‘ಸಮಾನವಾದ, ಆದರೆ ಭಿನ್ನಭಿನ್ನವಾದ ಹೊಣೆ’ ಎಂಬ ತತ್ತ್ವವು ಸೇರಿದುದರ ಹಿಂದೆಯೂ ಇದೇ ಬಗೆಯ ವಾದವಿತ್ತು.

ಶ್ರೀಮಂತ ದೇಶಗಳಲ್ಲಿ ಶಬ್ದದ ವ್ಯವಹಾರ ಬೇರೆ ದಾರಿ ಹಿಡಿಯಿತು. 2002ರ ಸುಮಾರಿಗೆ ಅಮೆರಿಕದ ಫ್ರ್ಯಾಂಕ್ ಲಂಟ್ಸ್ ಎಂಬ ರಾಜಕೀಯ ಸಲಹೆಗಾರರು ತಮ್ಮ ಪಕ್ಷದವರಿಗೆ ಒಂದು ಟಿಪ್ಪಣಿಯನ್ನು ಬರೆದು, ‘ಗ್ಲೋಬಲ್ ವಾರ್ಮಿಂಗ್’ ಜನರನ್ನು ಹೆದರಿಸುತ್ತದೆ, ‘ಕ್ಲೈಮೇಟ್ ಚೇಂಜ್’ ಅಷ್ಟು ಹೆದರಿಸುವುದಿಲ್ಲ, ಆದುದರಿಂದ ಎರಡನೆಯದನ್ನೇ ಬಳಸತಕ್ಕದ್ದೆಂದು ಸೂಚಿಸಿದರು. ಆ ಶಬ್ದವನ್ನು ಹುಟ್ಟಿಸಿದವರೇ ಅವರೆಂಬ ನಂಬಿಕೆ ಹಬ್ಬಿದೆ; ಐ.ಪಿ.ಸಿ.ಸಿ.ಯ ಹೆಸರು ಅದಕ್ಕಿಂತ ಹದಿನಾಲ್ಕು ವರ್ಷ ಹಳೆಯದಾದುದರಿಂದ ಅದು ನಿಲ್ಲುವುದಿಲ್ಲ. ಅವರು ಮಾಡಿದ್ದು ಇದ್ದ ಶಬ್ದದ ಸೌಮ್ಯತೆಯನ್ನು ಗುರುತಿಸಿದ್ದು. 2019ರಲ್ಲಿ ಸೆನೆಟಿನ ಸದಸ್ಯರ ಮುಂದೆ ತಮ್ಮ ಹಿಂದಿನ ನಿಲುವು ತಪ್ಪಾಗಿತ್ತೆಂದು ಅವರೇ ಒಪ್ಪಿಕೊಂಡರು.

‘ಫುಟ್‌ಪ್ರಿಂಟ್’ ಎಂಬ ಉಪಮಾನವನ್ನು 1992ರಲ್ಲಿ ಕೆನಡದ ವಿಲಿಯಂ ರೀಸ್ ಒಂದು ನಗರ ಅಥವಾ ಜನಸಮುದಾಯಕ್ಕೆ ಎಷ್ಟು ನೆಲ ಬೇಕಾಗುತ್ತದೆಂದು ಅಳೆಯಲು ತಂದರು. ಅದು ಮುಂದೆ ‘ಕಾರ್ಬನ್ ಫುಟ್‌ಪ್ರಿಂಟ್’ ಆಗಿ, ಒಬ್ಬೊಬ್ಬ ವ್ಯಕ್ತಿಯ ಲೆಕ್ಕಕ್ಕೆ ಇಳಿಯಿತು. ಅದನ್ನು ಜನಜನಿತವಾಗಿಸಿದುದರಲ್ಲಿ ದೊಡ್ಡ ಪಾಲು ಬಿ.ಪಿ. ಎಂಬ ತೈಲದ ಕಂಪನಿಯ ಜಾಹೀರಾತುಗಳದು. 2004ರಲ್ಲಿ ಅದು ತಮ್ಮ ತಮ್ಮ ಹೆಜ್ಜೆಗುರುತನ್ನು ಜನರೇ ಎಣಿಸಿಕೊಳ್ಳಲು ಒಂದು ಸಾಧನವನ್ನೂ ಒದಗಿಸಿತು. ಇಲ್ಲಿ ಕರ್ತೃ ಕಾಣೆಯಾಗಿಲ್ಲ, ಅತಿಯಾಗಿ ಕಾಣುತ್ತಾನೆ. ಎಣ್ಣೆಯನ್ನು ತೆಗೆದು ಮಾರಿದವನನ್ನು ಬಿಟ್ಟು, ಕೊಂಡು ಉರಿಸಿದವನ ಕಾಲಿನ ಗುರುತನ್ನು ಹಿಡಿದು ಹೊರಡುವ ಶಬ್ದವಿದು.

ಇದೇ ಅವಧಿಯಲ್ಲಿ ಬ್ಯಾಂಕಿನ ಪರಿಭಾಷೆಯೂ ಗುಂಪುಗುಂಪಾಗಿ ಒಳಹೊಕ್ಕಿತು: ‘ಕ್ರೆಡಿಟ್’, ‘ಆಫ್‌ಸೆಟ್’, ‘ಬಜೆಟ್’, ‘ನೆಟ್ ಜೀರೊ’. 1997ರ ಕ್ಯೋಟೊ ಒಪ್ಪಂದದಿಂದೀಚೆಗೆ ಇದು ಬಲವಾಯಿತು. ಇವುಗಳಲ್ಲಿ ‘ಕಾರ್ಬನ್ ಬಜೆಟ್’ ಎಂಬುದು ತಪ್ಪು ತಿಳಿವಳಿಕೆಗೆ ಎಡೆಕೊಡತಕ್ಕದ್ದು. ಬಜೆಟ್ ಎಂದರೆ ವರ್ಷಕ್ಕೊಮ್ಮೆ ಹೊಸದಾಗಿ ಮಂಜೂರಾಗುವ ಅಂದಾಜೆಂಬುದು ಸಾಮಾನ್ಯರ ಗ್ರಹಿಕೆ. ಐ.ಪಿ.ಸಿ.ಸಿ.ಯ 2021ರ ವರದಿಯ ಪ್ರಕಾರ, ಭೂಮಿಯ ಕಾವು 1.5 ಡಿಗ್ರಿಯೊಳಗೆ ನಿಲ್ಲುವ ಸಂಭವ ಅರ್ಧದಷ್ಟಾದರೂ ಇರಬೇಕಾದರೆ 2020ರ ಆರಂಭದಿಂದ ಹೊರಬಿಡಬಹುದಾದ ಇಂಗಾಲದ ಡೈಆಕ್ಸೈಡು 50,000 ಕೋಟಿ ಟನ್. ಲೋಕದ ವರ್ಷದ ಖರ್ಚು ಸುಮಾರು 4,000 ಕೋಟಿ ಟನ್. ಇದು ಬಜೆಟ್ಟಲ್ಲ, ಬಡ್ಡಿಯಿಲ್ಲದ ಠೇವಣಿಯ ಅಸಲು. ತೆಗೆದಷ್ಟೂ ಕರಗುತ್ತದೆ, ಮಾರ್ಚ್ 31ರ ನಂತರ ಮತ್ತೆ ತುಂಬುವುದಿಲ್ಲ. ‘ನೆಟ್ ಜೀರೊ’ ಸಹ ಹೀಗೆಯೇ. ಖಾತೆಯ ಶಿಲ್ಕು ಸೊನ್ನೆಯಾಗಿದೆಯೆಂದ ಮಾತ್ರಕ್ಕೆ ಆ ಖಾತೆಯಲ್ಲಿ ವ್ಯವಹಾರ ನಡೆದಿಲ್ಲವೆಂದಾಗಲಿ, ಜಮೆಯಾಗಿ ತೋರಿಸಿದ ಹುಂಡಿಗಳೆಲ್ಲ ಸಕಾರವಾಗುವುವೆಂದಾಗಲಿ ಅರ್ಥವಲ್ಲ.

ಒಂದು ಶಬ್ದಕ್ಕಾಗಿ ಸಭೆಗಳೇ ನಿಂತುಹೋದ ಪ್ರಸಂಗಗಳಿವೆ. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಅಂತಿಮ ಕರಡಿನ ನಾಲ್ಕನೆಯ ವಿಧಿಯಲ್ಲಿ ಮುಂದುವರಿದ ದೇಶಗಳಿಗೆ ಸಂಬಂಧಿಸಿ ‘ಶಲ್’ ಎಂಬ ಕ್ರಿಯಾಪದ ಕಾಣಿಸಿಕೊಂಡಿತು. ಹಾಗಿದ್ದರೆ ತಮ್ಮ ದೇಶ ಸಹಿ ಹಾಕಲಾರದೆಂದು ಅಮೆರಿಕದವರು ತಿಳಿಸಿದರು. ಕಡ್ಡಾಯವಾದ ಬಾಧ್ಯತೆಯಾದರೆ ಸೆನೆಟ್ಟಿನ ಒಪ್ಪಿಗೆ ಬೇಕಾಗುತ್ತಿತ್ತು. ಕೊನೆಗೆ ಅದನ್ನು ಬರವಣಿಗೆಯ ತಪ್ಪೆಂದು ಪರಿಗಣಿಸಿ, ‘ಶುಡ್’ ಎಂದು ತಿದ್ದಿ ಓದಲಾಯಿತು. ‘ಮಾಡತಕ್ಕದ್ದು’ ಎಂಬುದು ‘ಮಾಡಬೇಕಾದುದು ಉಚಿತ’ ಎಂದಾಯಿತು. 2021ರ ನವೆಂಬರ್ 13ರಂದು ಗ್ಲಾಸ್ಗೋದಲ್ಲಿ ಕಲ್ಲಿದ್ದಲ ಬಗ್ಗೆ ‘ಫೇಸ್ ಔಟ್’ ಎಂದಿದ್ದುದನ್ನು ‘ಫೇಸ್ ಡೌನ್’ ಎಂದು ತಿದ್ದಬೇಕೆಂದು ಸೂಚಿಸಿದವರು ಭಾರತದ ಸಚಿವ ಭೂಪೇಂದ್ರ ಯಾದವ್. ನಿಲ್ಲಿಸುವುದು ಹೋಗಿ ಇಳಿಸುವುದು ಬಂತು. ಪಶ್ಚಿಮದ ಪತ್ರಿಕೆಗಳು ಭಾರತವನ್ನು ಬಹಳ ನಿಂದಿಸಿದುವು. ಮೂರು ದಿನ ಮೊದಲು ಹೊರಟಿದ್ದ ಅಮೆರಿಕ–ಚೀನ ಜಂಟಿ ಹೇಳಿಕೆಯಲ್ಲಿ ಅದೇ ‘ಫೇಸ್ ಡೌನ್’ ಇದ್ದುದನ್ನೂ, ತಮ್ಮ ತೈಲ, ಅನಿಲಗಳ ಹೆಸರೇ ಆ ವಾಕ್ಯದಲ್ಲಿ ಇರದಿದ್ದುದನ್ನೂ ನೆನೆದವರು ಕಡಿಮೆ. ಹಾಗೆಂದು ತಿದ್ದುಪಡಿಯಿಂದ ಯಾರಿಗೂ ನಷ್ಟವಾಗಲಿಲ್ಲವೆಂದಲ್ಲ. ಸಮುದ್ರದ ಮಟ್ಟಕ್ಕೆ ಸಮನಾದ ದ್ವೀಪಗಳ ಪ್ರತಿನಿಧಿಗಳು ಅಂದು ತೋರಿದ ಸಂಕಟ ಕಪಟದ್ದಲ್ಲ.

ಆ ದ್ವೀಪಗಳ ಪರವಾಗಿ ವನುವಾಟು 1991ರಲ್ಲಿಯೇ, ಕಡಲೇರಿಕೆಯಿಂದ ಆಗುವ ನಷ್ಟವನ್ನು ಶ್ರೀಮಂತ ದೇಶಗಳು ತುಂಬಿಕೊಡುವ ಒಂದು ವಿಮಾ ವ್ಯವಸ್ಥೆಯನ್ನು ಸೂಚಿಸಿತ್ತು. ಅದರಿಂದ ಬೆಳೆದ ಶಬ್ದ ‘ಲಾಸ್ ಆ್ಯಂಡ್ ಡ್ಯಾಮೇಜ್’. ಪ್ಯಾರಿಸ್ಸಿನಲ್ಲಿ ಅದನ್ನು ಒಪ್ಪಿಕೊಂಡವರು, ಅದರಿಂದ ಹೊಣೆಗಾರಿಕೆಯಾಗಲಿ ಪರಿಹಾರಧನದ ಹಕ್ಕಾಗಲಿ ಹುಟ್ಟುವುದಿಲ್ಲವೆಂದು ನಿರ್ಣಯದಲ್ಲಿ ಬರೆಸಿಕೊಂಡರು. 2022ರಲ್ಲಿ ಈಜಿಪ್ಟಿನ ಸಭೆಯಲ್ಲಿ ಅದಕ್ಕೊಂದು ನಿಧಿಯೇರ್ಪಟ್ಟಿತು. ನಷ್ಟವಿದೆ, ನಿಧಿಯಿದೆ; ನಷ್ಟ ಮಾಡಿದವನಿಲ್ಲ. ಇದನ್ನು ಕನ್ನಡದಲ್ಲಿ ‘ನಷ್ಟಪರಿಹಾರ ನಿಧಿ’ ಎಂದು ಅನುವಾದಿಸಿದರೆ, ಮೂಲದವರು ಬಹು ಪ್ರಯಾಸದಿಂದ ತಪ್ಪಿಸಿಕೊಂಡ ಅರ್ಥವೇ ಬಂದುಬಿಡುತ್ತದೆ. ವನುವಾಟುವಿನ ಮುಂದಾಳುತನದಲ್ಲಿ ವಿಶ್ವಸಂಸ್ಥೆಯು ಕೇಳಿದ ಪ್ರಶ್ನೆಗೆ ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈ 23ರಂದು ಅಭಿಪ್ರಾಯವಿತ್ತು, ಈ ವಿಷಯದಲ್ಲಿ ತನ್ನ ಬಾಧ್ಯತೆಯನ್ನು ಮೀರಿದ ರಾಷ್ಟ್ರವು ಅಂತರರಾಷ್ಟ್ರೀಯ ನಿಯಮದಂತೆ ತಪ್ಪೆಸಗಿದಂತಾಗುತ್ತದೆಂದೂ, ಪರಿಹಾರ ತೆರಬೇಕಾಗಬಹುದೆಂದೂ ಹೇಳಿದೆ. ಅದು ಸಲಹೆಯ ರೂಪದ್ದು, ಡಿಕ್ರಿಯಲ್ಲ.

ಪತ್ರಿಕೆಗಳ ಇಂಗ್ಲಿಷಿನಲ್ಲಿಯೂ 2019ರಿಂದ ಒಂದು ತಿರುವು ಕಾಣಬರುತ್ತದೆ. ಆ ವರ್ಷ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆ ‘ಗ್ಲೋಬಲ್ ವಾರ್ಮಿಂಗ್’ಗಿಂತ ‘ಗ್ಲೋಬಲ್ ಹೀಟಿಂಗ್’ ಎಂಬುದನ್ನೇ ಬಳಸುವಂತೆ ತನ್ನ ಬರಹಗಾರರಿಗೆ ಸೂಚಿಸಿತು. ‘ಹೀಟಿಂಗ್’ ಎಂದರೆ ಚಳಿಗಾಲದಲ್ಲಿ ಮನೆಯನ್ನು ಕಾಯಿಸುವ ಏರ್ಪಾಡೂ ಹೌದು. ಅದರ ಹಿಂದೆ ಒಲೆ ಹೊತ್ತಿಸುವವನ ನೆರಳಿದೆ. ಅದೇ ವರ್ಷ ಆಕ್ಸ್‌ಫರ್ಡ್ ಕೋಶದವರು ‘ಕ್ಲೈಮೇಟ್ ಎಮರ್ಜೆನ್ಸಿ’ಯನ್ನು ವರ್ಷದ ಶಬ್ದವೆಂದು ಸಾರಿದರು. 2023ರ ಜುಲೈಯಲ್ಲಿ ವಿಶ್ವಸಂಸ್ಥೆಯ ಅಂದಿನ ಮಹಾಕಾರ್ಯದರ್ಶಿ ಗುಟೆರೆಸರು ‘ಗ್ಲೋಬಲ್ ಬಾಯ್ಲಿಂಗ್’ ಎಂದರು. ಅದು ಹೆಚ್ಚು ದಿನ ಬಾಳುವ ಶಬ್ದವೆಂದು ತೋರುವುದಿಲ್ಲ.

ಕನ್ನಡದ ಸ್ಥಿತಿ ಹೀಗಿದೆ. ‘ಹವಾಮಾನ’ದ ‘ಹವಾ’ ಅರಬ್ಬಿಯದು, ‘ಮಾನ’ ಸಂಸ್ಕೃತದ್ದು. ಮರಾಠಿಯವರೂ ಕನ್ನಡಿಗರೂ ಈ ಜೋಡುಶಬ್ದವನ್ನು ಒಟ್ಟಿಗೆ ಉಪಯೋಗಿಸುತ್ತಾರೆ. ‘ವೆದರ್’ಗೂ ‘ಕ್ಲೈಮೇಟ್’ಗೂ ಇದೊಂದೇ ಸಲ್ಲುತ್ತಿರುವುದರಿಂದ, ‘ಹವಾಮಾನ ಇಲಾಖೆ’ಯ ನಾಳಿನ ಮಳೆಯ ಮುನ್ಸೂಚನೆಗೂ ‘ಹವಾಮಾನ ಬದಲಾವಣೆ’ಗೂ ಭೇದ ಕಾಣುವುದಿಲ್ಲ, ‘ಹವಾಗುಣ’ ಅಥವಾ ‘ವಾಯುಗುಣ’ವನ್ನು ಎರಡನೆಯದಕ್ಕೆ ಮೀಸಲಿಟ್ಟಿದ್ದರೆ ಚೆನ್ನಾಗಿತ್ತು. ‘ಬದಲಾವಣೆ’ ಎಂಬ ನಾಮಪದವು ‘ಆಗು’, ‘ಮಾಡು’ ಎರಡನ್ನೂ ಹಿಡಿಯುವುದರಿಂದ ಇಂಗ್ಲಿಷಿನ ‘ಚೇಂಜ್’ನಷ್ಟೇ ಅಸ್ಪಷ್ಟ. ‘ತಾಪಮಾನ ಏರಿಕೆ’ಯಲ್ಲಾದರೋ ಅಸ್ಪಷ್ಟತೆಯೇ ಇಲ್ಲ. ‘ಏರಿಕೆ’ಯ ಧಾತು ‘ಏರು’, ‘ಏರಿಸು’ ಅಲ್ಲ. ಕಾವು ತಾನಾಗಿ ಮೆಟ್ಟಿಲು ಹತ್ತಿಕೊಂಡು ಹೋಯಿತೆಂಬುದೇ ಅದರ ಅರ್ಥ. ‘ಬಡ್ಡಿಯ ದರ ಏರಿಕೆ’ ಎಂದು ದಿನವೂ ಬರೆಯುವವರಿಗೆ ಬಡ್ಡಿಯ ದರ ಎಂದೂ ತಾನಾಗಿ ಏರುವುದಿಲ್ಲ, ಮುಂಬಯಿಯಲ್ಲಿ ಒಂದು ಸಮಿತಿ ಕುಳಿತು ಅದನ್ನು ಏರಿಸುತ್ತದೆಂಬುದು ಗೊತ್ತಿಲ್ಲದಿಲ್ಲ. ಅಲ್ಲಿ ಯಾರು ಏರಿಸಿದರೆಂದು ಮರುವಾಕ್ಯದಲ್ಲಿ ಹೇಳುತ್ತಾರೆ. ಇಲ್ಲಿ ಆ ಮರುವಾಕ್ಯವನ್ನು ಬರೆಯುವ ಪದ್ಧತಿ ಇನ್ನೂ ಬಂದಿಲ್ಲ.